ಕೊಳ್ಳುವವರ ಮನದ ಮಾತು: ಸಣ್ಣ ಉದ್ಯಮಿಗಳಿಗೆ ಫೋಕಸ್ ಗ್ರೂಪ್ ಎಷ್ಟು ಉಪಯುಕ್ತ?

ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಗುಂಡ್ಲುಪೇಟೆಯು ಮೂರು ರಾಜ್ಯಗಳ ವ್ಯಾಪಾರ ಸಂಧಿಸುವ ಊರು. ಇಲ್ಲಿಂದ ಕವಲೊಡೆಯುವ ಹೆದ್ದಾರಿಗಳಲ್ಲಿ ಒಂದು ಸುಲ್ತಾನ್ ಬತ್ತೇರಿಯ ಮೂಲಕ ಕೇರಳಕ್ಕೂ, ಮತ್ತೊಂದು ಬಂಡೀಪುರದ ಮೂಲಕ ತಮಿಳುನಾಡಿನ ನೀಲಗಿರಿಗೂ ಸಾಗುತ್ತದೆ. ತಾಲ್ಲೂಕಿನ ಹೊಲಗಳಲ್ಲಿ ಬೆಳೆಯುವ ಅರಿಶಿನ, ಸಣ್ಣ ಈರುಳ್ಳಿ, ಟೊಮೆಟೊ, ಬಾಳೆ, ಸೂರ್ಯಕಾಂತಿ ಹಾಗೂ ಚೆಂಡುಹೂವಿಗೆ ಗಡಿಯಾಚೆಯಿಂದಲೂ ಬೇಡಿಕೆ ಇದೆ. ಓಣಂ ಹಬ್ಬದ ದಿನಗಳಲ್ಲಿ ಇಲ್ಲಿಯ ಹೂವು ಮತ್ತು ತರಕಾರಿಗೆ ಕೇರಳದಲ್ಲಿ ದೊರೆಯುವ ಮಾರುಕಟ್ಟೆ ಎಲ್ಲ ವರ್ತಕರಿಗೂ ತಿಳಿದ ವಿಷಯವೇ ಆಗಿದೆ.

ಆದರೆ ಈ ವ್ಯಾಪಾರದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಇಲ್ಲಿಂದ ಹೊರಡುವ ಸರಕಿನ ಬಹುಪಾಲು ಕಚ್ಚಾ ರೂಪದಲ್ಲಿಯೇ ಹೊರಡುತ್ತದೆ. ಅರಿಶಿನದ ಕೊಂಬು ಈರೋಡಿನಂತಹ ಮಾರುಕಟ್ಟೆಗೆ ಹೋಗಿ, ಪುಡಿಯಾಗಿ, ಬೇರೆಯವರ ಹೆಸರು ಹೊತ್ತು ಮರಳಿ ನಮ್ಮ ಊರಿನ ಅಂಗಡಿಗಳಿಗೇ ಬರುತ್ತದೆ. ಚೆಂಡುಹೂವು ಬಣ್ಣದ ಸಾರ ತೆಗೆಯುವ ಕಾರ್ಖಾನೆಗೆ ತೂಕದ ಲೆಕ್ಕದಲ್ಲಿ ಸಲ್ಲುತ್ತದೆ. ಸರಕು ನಮ್ಮದು, ಹೆಸರು ಮಾತ್ರ ಇನ್ನೊಬ್ಬರದು ಎಂಬ ಪರಿಸ್ಥಿತಿಯಲ್ಲಿ ಲಾಭದ ಹೆಚ್ಚಿನ ಅಂಶವೂ ಇನ್ನೊಬ್ಬರ ಪಾಲಾಗುವುದು ಸಹಜ.

ಈ ಸ್ಥಿತಿಯನ್ನು ಬದಲಿಸಬೇಕೆಂಬ ಆಸೆ ಈಚಿನ ವರ್ಷಗಳಲ್ಲಿ ಬಲಗೊಂಡಿದೆ. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ ನೀತಿಯಡಿ ಚಾಮರಾಜನಗರ ಜಿಲ್ಲೆಗೆ ಅರಿಶಿನವನ್ನು ಆಯ್ಕೆ ಮಾಡಲಾಯಿತು. ಅರ್ಹ ಘಟಕಗಳಿಗೆ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನವನ್ನು ಆ ಯೋಜನೆ ಘೋಷಿಸಿತು. ಯಂತ್ರಕ್ಕೆ ಸಹಾಯಧನ ದೊರೆಯಬಹುದು, ಬಂಡವಾಳಕ್ಕೆ ಬ್ಯಾಂಕಿನ ಸಾಲ ದೊರೆಯಬಹುದು. ಆದರೆ ಪೊಟ್ಟಣವನ್ನು ಅಂಗಡಿಯ ಕಪಾಟಿನಿಂದ ಕೈಗೆತ್ತಿಕೊಳ್ಳುವ ಗೃಹಿಣಿಯ ಮನಸ್ಸನ್ನು ಯಾವ ಯೋಜನೆಯೂ ಒದಗಿಸಲಾರದು. ಅದನ್ನು ಉದ್ಯಮಿಯೇ ಅರಿತುಕೊಳ್ಳಬೇಕು. ಅರಿಯುವ ವಿಧಾನಗಳಲ್ಲಿ ಒಂದಾದ ‘ಫೋಕಸ್ ಗ್ರೂಪ್’, ಅಂದರೆ ಉದ್ದೇಶಿತ ಗುಂಪು ಚರ್ಚೆಯ ಉಪಯೋಗ, ಮಿತಿ ಹಾಗೂ ವೆಚ್ಚಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಫೋಕಸ್ ಗ್ರೂಪ್ ಎಂದರೇನು?

ಒಂದು ಸರಕನ್ನು ಬಳಸುವ, ಅಥವಾ ಬಳಸಬಹುದಾದ ಆರರಿಂದ ಹತ್ತು ಮಂದಿಯನ್ನು ಒಂದೆಡೆ ಕೂರಿಸಿ, ತರಬೇತಿ ಪಡೆದ ನಿರ್ವಾಹಕರೊಬ್ಬರು ಒಂದೂವರೆ ಗಂಟೆಯಷ್ಟು ಕಾಲ ಆ ಸರಕಿನ ಬಗ್ಗೆ ಅವರು ತಮ್ಮತಮ್ಮಲ್ಲಿ ಮಾತನಾಡುವಂತೆ ಮಾಡುವುದೇ ಫೋಕಸ್ ಗ್ರೂಪ್. ಇದು ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವ ಸಮೀಕ್ಷೆಯಲ್ಲ. ಸಮೀಕ್ಷೆಯು ‘ಎಷ್ಟು ಜನ’ ಎಂಬುದಕ್ಕೆ ಉತ್ತರ ಕೊಟ್ಟರೆ, ಗುಂಪು ಚರ್ಚೆಯು ‘ಏಕೆ’ ಮತ್ತು ‘ಹೇಗೆ’ ಎಂಬುದಕ್ಕೆ ಉತ್ತರ ಹುಡುಕುತ್ತದೆ. ಒಬ್ಬರ ಮಾತು ಇನ್ನೊಬ್ಬರ ನೆನಪನ್ನು ಕೆದಕುವುದು, ಒಬ್ಬರ ಅಭಿಪ್ರಾಯವನ್ನು ಮತ್ತೊಬ್ಬರು ಅಲ್ಲಗಳೆಯುವುದು, ಇವುಗಳಿಂದ ಹೊರಬರುವ ವಿಷಯವೇ ಈ ವಿಧಾನದ ಫಲ.

ಇದರ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. 1941ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಲಜಾರ್ಸ್‌ಫೆಲ್ಡ್ ಅವರು ಸಹೋದ್ಯೋಗಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರನ್ನು ರಾತ್ರಿಯ ಊಟಕ್ಕೆ ಆಹ್ವಾನಿಸಿ, ಊಟದ ಬದಲು ರೇಡಿಯೊ ಸ್ಟುಡಿಯೊ ಒಂದಕ್ಕೆ ಕರೆದೊಯ್ದರು. ಅಲ್ಲಿ ಕೆಲವು ಶ್ರೋತೃಗಳು ರೇಡಿಯೊ ಕಾರ್ಯಕ್ರಮ ಕೇಳುತ್ತಾ, ಮೆಚ್ಚಿದ ಭಾಗಕ್ಕೆ ಹಸಿರು ಗುಂಡಿಯನ್ನೂ ಮೆಚ್ಚದ ಭಾಗಕ್ಕೆ ಕೆಂಪು ಗುಂಡಿಯನ್ನೂ ಒತ್ತುತ್ತಿದ್ದರು. ಯಾವ ಕ್ಷಣದಲ್ಲಿ ಯಾವ ಗುಂಡಿ ಎಂಬುದು ದಾಖಲಾಗುತ್ತಿತ್ತು. ಏಕೆ ಎಂಬುದು ಮಾತ್ರ ದಾಖಲಾಗುತ್ತಿರಲಿಲ್ಲ. ಅನಂತರ ಕಾರಣ ಕೇಳುತ್ತಿದ್ದ ರೀತಿಯಲ್ಲಿ ಮರ್ಟನ್ ಅವರು ಹಲವು ದೋಷಗಳನ್ನು ಕಂಡು, ಪ್ರಶ್ನಿಸುವ ಕ್ರಮವನ್ನು ಶಾಸ್ತ್ರೀಯಗೊಳಿಸಿದರು. 1946ರಲ್ಲಿ ಪೆಟ್ರೀಷಿಯಾ ಕೆಂಡಾಲ್ ಅವರೊಡನೆ ಈ ಕುರಿತು ಲೇಖನವನ್ನೂ, 1956ರಲ್ಲಿ ಮತ್ತಿಬ್ಬರೊಡಗೂಡಿ ಗ್ರಂಥವನ್ನೂ ಪ್ರಕಟಿಸಿದರು. ಜಾಹೀರಾತು ಮತ್ತು ಗ್ರಾಹಕ ಸರಕುಗಳ ಕಂಪನಿಗಳು ಈ ವಿಧಾನವನ್ನು ಬೇಗನೆ ತಮ್ಮದಾಗಿಸಿಕೊಂಡವು.

ಗುಂಪು ಚರ್ಚೆಯಿಂದ ದೊರೆಯುವುದು ಹೊಸ ಊಹೆಗಳೇ ಹೊರತು ಸಾಬೀತಾದ ಸತ್ಯಗಳಲ್ಲ, ಅವುಗಳನ್ನು ಅಂಕಿಸಂಖ್ಯೆಗಳಿಂದ ಪರೀಕ್ಷಿಸುವುದು ಅಗತ್ಯ ಎಂದು ಸ್ವತಃ ಮರ್ಟನ್ ಅವರೇ 1987ರಲ್ಲಿ ಎಚ್ಚರಿಸಿದರು ಎಂಬುದು ಗಮನಾರ್ಹ.

ಭಾರತದಲ್ಲಿ ವೃತ್ತಿಪರ ಮಾರುಕಟ್ಟೆ ಸಂಶೋಧನೆಗೆ ಬುನಾದಿ ಹಾಕಿದ ಸಂಸ್ಥೆಗಳಲ್ಲಿ ವಿಕ್ರಂ ಸಾರಾಭಾಯಿ ಅವರು 1960ರಲ್ಲಿ ಬರೋಡಾದಲ್ಲಿ ಸ್ಥಾಪಿಸಿದ ಆಪರೇಷನ್ಸ್ ರಿಸರ್ಚ್ ಗ್ರೂಪ್ ಪ್ರಮುಖವಾದುದು. ಇನ್ನು ಗ್ರಾಮಗಳಲ್ಲಿ ಜನರನ್ನು ಕೂರಿಸಿ ಮಾತನಾಡಿಸುವ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲ. 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆಯು 1980ರ ದಶಕದ ಕೊನೆಯ ಭಾಗದಿಂದ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ‘ಸಹಭಾಗಿ ಗ್ರಾಮೀಣ ಅವಲೋಕನ’ ನಡೆಸಿ, ರೈತರು ನೆಲದ ಮೇಲೆ ರಂಗೋಲಿ ಪುಡಿ, ಕಾಳುಗಳಿಂದ ತಮ್ಮ ಊರಿನ ನಕ್ಷೆ ಬಿಡಿಸಿ ಚರ್ಚಿಸುವಂತೆ ಮಾಡಿತು. ಅಲ್ಲಿಯ ಉದ್ದೇಶ ಜನರೇ ತಮ್ಮ ಸ್ಥಿತಿಯನ್ನು ಅರಿಯುವುದಾಗಿತ್ತು. ಫೋಕಸ್ ಗ್ರೂಪಿನ ಉದ್ದೇಶ ಉದ್ಯಮಿಯು ಗ್ರಾಹಕರನ್ನು ಅರಿಯುವುದು. ಉದ್ದೇಶ ಬೇರೆಯಾದರೂ ಪಾಠ ಒಂದೇ: ಕೇಳುವವರು ಕಡಿಮೆ ಮಾತನಾಡಬೇಕು, ಹೇಳುವವರು ಹೆಚ್ಚು ಮಾತನಾಡಬೇಕು.

ಒಂದು ಪ್ರಸಿದ್ಧ ಸೋಲಿನ ಪಾಠ

ಗುಂಪು ಚರ್ಚೆಯ ಮಾತನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ ಕೋಕಾ ಕೋಲಾ ಕಂಪನಿಯ 1985ರ ಅನುಭವವನ್ನು ವಾಣಿಜ್ಯ ಶಾಸ್ತ್ರದ ಅಧ್ಯಾಪಕರು ಇಂದಿಗೂ ಉದಾಹರಿಸುತ್ತಾರೆ. ಪೆಪ್ಸಿಯ ಪೈಪೋಟಿಯಿಂದ ಚಿಂತಿತವಾಗಿದ್ದ ಕಂಪನಿಯು ಪಾನೀಯದ ರುಚಿಯನ್ನೇ ಬದಲಿಸಲು ನಿರ್ಧರಿಸಿ, ಸುಮಾರು 2 ಲಕ್ಷ ಜನರಿಗೆ ರುಚಿ ಪರೀಕ್ಷೆ ನಡೆಸಿತು. ಹೆಸರು ತಿಳಿಸದೆ ಕುಡಿಸಿದಾಗ ಹೊಸ ರುಚಿಗೇ ಹೆಚ್ಚು ಮತ ಬಿದ್ದಿತು. 1985ರ ಏಪ್ರಿಲ್ 23ರಂದು ಹೊಸ ಪಾನೀಯ ಘೋಷಣೆಯಾಯಿತು. ಹಳೆಯದು ಮಾರುಕಟ್ಟೆಯಿಂದ ಮರೆಯಾಯಿತು. ಜನರು ರೊಚ್ಚಿಗೆದ್ದರು. ಕೇವಲ 79 ದಿನಗಳಲ್ಲಿ, ಅಂದರೆ ಜುಲೈ 11ರಂದು, ಹಳೆಯ ಪಾನೀಯವನ್ನು ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮರಳಿ ತರುವುದಾಗಿ ಕಂಪನಿ ಪ್ರಕಟಿಸಬೇಕಾಯಿತು.

ಕಂಪನಿಯು ಗುಂಪು ಚರ್ಚೆಗಳನ್ನೂ ನಡೆಸಿತ್ತು. ಹಳೆಯ ರುಚಿಯನ್ನು ತೆಗೆದರೆ ಹೇಗೆ ಎಂದು ಕೇಳಿದಾಗ ಶೇ. 10ರಿಂದ 12ರಷ್ಟು ಜನ ಸಿಟ್ಟಾದರು. ಅಷ್ಟೇ ಅಲ್ಲ, ಗುಂಪಿನಲ್ಲಿ ಕುಳಿತಿದ್ದ ಉಳಿದವರೂ ಅವರ ಸಿಟ್ಟಿಗೆ ದನಿಗೂಡಿಸಿದರು. ಸಮೀಕ್ಷೆಯ ಲೆಕ್ಕದಲ್ಲಿ ಇದು ಸಣ್ಣ ಪ್ರಮಾಣವಾಗಿ ಕಂಡಿತು. ಆದರೆ ಸಣ್ಣ ಸಂಖ್ಯೆಯ ಸಿಟ್ಟು ದೊಡ್ಡ ಸಮೂಹಕ್ಕೆ ಹೇಗೆ ಹರಡುತ್ತದೆ ಎಂಬುದು ಆ ಕೋಣೆಯಲ್ಲಿ ಮೊದಲೇ ನಡೆದುಹೋಗಿತ್ತು. ನಾಲಿಗೆಯ ರುಚಿಯನ್ನು ಅಳೆದವರು ಹೆಸರಿನ ಮೇಲಿನ ಮಮತೆಯನ್ನು ಅಳೆಯಲಿಲ್ಲ. ಹೀಗಾಗಿ ಸಮೀಕ್ಷೆ ಮತ್ತು ಗುಂಪು ಚರ್ಚೆ ಪರಸ್ಪರ ಪೂರಕವೇ ಹೊರತು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಲಾರದು.

ಅರಿಶಿನದ ಪೊಟ್ಟಣ: ಒಂದು ಕಲ್ಪಿತ ಉದಾಹರಣೆ

ವಿಷಯವನ್ನು ನಮ್ಮ ಊರಿಗೆ ಅನ್ವಯಿಸಿ ನೋಡಬಹುದು. ಗುಂಡ್ಲುಪೇಟೆಯ ಸಣ್ಣ ತಯಾರಕರೊಬ್ಬರು ಇದುವರೆಗೆ ಅರಿಶಿನವನ್ನು ಸಗಟಾಗಿ ಮಾರುತ್ತಿದ್ದು, ಇನ್ನು ಮುಂದೆ 100 ಗ್ರಾಂ ಪೊಟ್ಟಣದಲ್ಲಿ ಸ್ವಂತ ಹೆಸರಿನಿಂದ ಪುಡಿ ಮಾರಲು ಯೋಚಿಸಿದ್ದಾರೆಂದು ಭಾವಿಸೋಣ. ಪ್ಯಾಕಿಂಗ್ ಯಂತ್ರಕ್ಕೆ 4,00,000 ರೂ., ಪೊಟ್ಟಣದ ಮುದ್ರಣ ಸಿಲಿಂಡರ್ ಮತ್ತು ರೋಲುಗಳಿಗೆ 2,00,000 ರೂ., ವಿತರಕರ ಸರಕು ಮತ್ತು ಪ್ರಚಾರಕ್ಕೆ 1,50,000 ರೂ., ಒಟ್ಟು 7,50,000 ರೂ. ಹೂಡಿಕೆ ಎಂದಿಟ್ಟುಕೊಳ್ಳೋಣ. ಪೊಟ್ಟಣದ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸಿಲಿಂಡರ್ ಬೇಕಾಗುವುದರಿಂದ, ವಿನ್ಯಾಸ ತಪ್ಪಿದರೆ ಆ ಹಣ ಮರಳಿ ಬಾರದು.

ಅವರ ಮುಂದಿರುವ ಪ್ರಶ್ನೆಗಳು ಹಲವು. ಮನೆಗೆ ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸುವ ರೂಢಿಯವರು ಪೊಟ್ಟಣ ಕೊಳ್ಳುವರೇ? ಕೊಂಡರೆ ಯಾವ ಅಂಜಿಕೆಯನ್ನು ಮೊದಲು ನಿವಾರಿಸಬೇಕು? ಕಡು ಹಳದಿ ಬಣ್ಣ ಕಂಡರೆ ಗ್ರಾಹಕರು ‘ಒಳ್ಳೆಯ ಅರಿಶಿನ’ ಎನ್ನುವರೋ, ‘ಬಣ್ಣ ಬೆರೆಸಿದ್ದಾರೆ’ ಎನ್ನುವರೋ? ಅರಿಶಿನಕ್ಕೆ ಸೀಸದ ಕ್ರೋಮೇಟ್‌ನಂತಹ ವಿಷಕಾರಿ ಬಣ್ಣ ಬೆರೆಸುವ ಕಲಬೆರಕೆಯ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿರುವುದರಿಂದ ಈ ಪ್ರಶ್ನೆ ಸಣ್ಣದಲ್ಲ. ಅಡುಗೆಗೆ, ಪೂಜೆಗೆ, ಮೈಗೆ ಹಚ್ಚಲು, ಗಾಯಕ್ಕೆ ಹೀಗೆ ಬಳಕೆ ಬೇರೆಬೇರೆಯಾದಾಗ ಒಂದೇ ಪೊಟ್ಟಣ ಎಲ್ಲಕ್ಕೂ ಒಪ್ಪಿಗೆಯಾಗುವುದೇ? ಈರೋಡ್ ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿರುವಾಗ, ‘ಗುಂಡ್ಲುಪೇಟೆ’ ಎಂಬ ಊರಿನ ಹೆಸರನ್ನು ಪೊಟ್ಟಣದ ಮೇಲೆ ದೊಡ್ಡದಾಗಿ ಹಾಕುವುದು ಲಾಭವೋ, ನಿಷ್ಪ್ರಯೋಜಕವೋ?

ಈ ಯಾವ ಪ್ರಶ್ನೆಗೂ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಕೊಳ್ಳುವವರ ಬಳಿ. ಮೈಸೂರಿನ ಗೃಹಿಣಿಯರ ಒಂದು ಗುಂಪು, ಗುಂಡ್ಲುಪೇಟೆ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಕೊಂಬು ಪುಡಿ ಮಾಡಿಸುವವರ ಒಂದು ಗುಂಪು, ಸುಲ್ತಾನ್ ಬತ್ತೇರಿಯಲ್ಲಿ ಮಲಯಾಳಿ ಗ್ರಾಹಕರ ಒಂದು ಗುಂಪು, ಕಿರಾಣಿ ಅಂಗಡಿಯವರ ಒಂದು ಗುಂಪು, ಹೀಗೆ ನಾಲ್ಕು ಚರ್ಚೆಗಳನ್ನು ಅವರು ಯೋಜಿಸಬಹುದು. ಮೂವರು ಬೇರೆಬೇರೆ ಗ್ರಾಹಕರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಸರಿಯಲ್ಲ. ಬತ್ತೇರಿಯ ಚರ್ಚೆ ಮಲಯಾಳದಲ್ಲಿಯೇ, ಮಲಯಾಳ ಬಲ್ಲ ನಿರ್ವಾಹಕರಿಂದಲೇ ನಡೆಯಬೇಕು. ಅನುವಾದಕರನ್ನು ನಡುವೆ ಕೂರಿಸಿದರೆ ಚರ್ಚೆಯು ವಿಚಾರಣೆಯಾಗಿ ಮಾರ್ಪಡುತ್ತದೆ. ಒಂದು ವರ್ಗಕ್ಕೆ ಒಂದೇ ಗುಂಪು ಎಂಬುದು ಕನಿಷ್ಠ ಮಟ್ಟ. ಎರಡನೆಯ ಗುಂಪಿನಲ್ಲೂ ಅದೇ ಮಾತು ಮರುಕಳಿಸಿದರೆ ಮಾತ್ರ ಆ ಮಾತಿಗೆ ತೂಕ ಬರುತ್ತದೆ.

ಚರ್ಚೆ ನಡೆಸುವ ಕ್ರಮ

90 ನಿಮಿಷಗಳ ಚರ್ಚೆಯನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

1. ಪರಿಚಯ ಮತ್ತು ಸಮ್ಮತಿ – 10 ನಿಮಿಷ. ಚರ್ಚೆಯ ಉದ್ದೇಶ ತಿಳಿಸಿ, ಧ್ವನಿ ಮುದ್ರಣಕ್ಕೆ ಒಪ್ಪಿಗೆ ಪಡೆಯುವುದು. ಸರಿ ತಪ್ಪು ಉತ್ತರಗಳಿಲ್ಲವೆಂದು ಸ್ಪಷ್ಟಪಡಿಸುವುದು.

2. ರೂಢಿಯ ಮಾತು – 15 ನಿಮಿಷ. ‘ನಿಮ್ಮ ಮನೆಗೆ ಕಳೆದ ಸಲ ಅರಿಶಿನ ತಂದದ್ದು ಯಾರು, ಎಲ್ಲಿಂದ, ಎಷ್ಟು?’ ಎಂಬಂತಹ ನಡೆದ ಘಟನೆಯ ಪ್ರಶ್ನೆಗಳು.

3. ಮುಖ್ಯ ವಿಷಯ – 45 ನಿಮಿಷ. ಆಯ್ಕೆ, ಅನುಮಾನ, ಅಸಮಾಧಾನಗಳ ಕುರಿತು ಮುಕ್ತ ಮಾತುಕತೆ.

4. ಮಾದರಿ ಪ್ರದರ್ಶನ – 15 ನಿಮಿಷ. ಎರಡು ಮೂರು ಪೊಟ್ಟಣಗಳ ಮಾದರಿಯನ್ನು ಮುಟ್ಟಿ, ಮೂಸಿ, ಓದಿ ನೋಡಲು ಕೊಡುವುದು.

5. ಮುಕ್ತಾಯ – 5 ನಿಮಿಷ. ನಿರ್ವಾಹಕರು ಸಾರಾಂಶ ಹೇಳಿ, ‘ಬಿಟ್ಟುಹೋದದ್ದು ಏನಾದರೂ ಇದೆಯೇ?’ ಎಂದು ಕೇಳುವುದು.

‘ಈ ಪುಡಿ ಮಾರುಕಟ್ಟೆಗೆ ಬಂದರೆ ಕೊಳ್ಳುವಿರಾ?’ ಎಂಬ ಪ್ರಶ್ನೆಯನ್ನು ಕೇಳದಿರುವುದೇ ಮೇಲು. ಕಾಫಿ ತಿಂಡಿ ಕೊಟ್ಟು ಆದರದಿಂದ ಕೇಳಿದವರಿಗೆ ‘ಇಲ್ಲ’ ಎನ್ನುವ ಸ್ವಭಾವ ನಮ್ಮ ಜನರದಲ್ಲ. ‘ಚೆನ್ನಾಗಿದೆ’ ಎಂಬುದು ಹಲವು ಸಲ ಅಭಿಪ್ರಾಯವಲ್ಲ, ಸೌಜನ್ಯ. ಮುಂದೆ ಏನು ಮಾಡುವಿರಿ ಎಂಬುದಕ್ಕಿಂತ ಹಿಂದೆ ಏನು ಮಾಡಿದಿರಿ ಎಂದು ಕೇಳಿದಾಗ ದೊರೆಯುವ ಉತ್ತರ ಹೆಚ್ಚು ನಂಬಿಕೆಗೆ ಅರ್ಹ. ಪುಡಿಯನ್ನು ಚಿಟಿಕೆ ತೆಗೆದು ಅಂಗೈಗೆ ಉಜ್ಜಿ ನೋಡುವವರು, ಮೂಸಿ ನೋಡಿ ಸುಮ್ಮನೆ ಕೆಳಗಿಡುವವರು, ಪೊಟ್ಟಣವನ್ನು ತಿರುಗಿಸಿ ದಿನಾಂಕ ಹುಡುಕುವವರು, ಇವರ ಕೈಗಳನ್ನು ಗಮನಿಸಿದರೆ ಬಾಯಿ ಹೇಳದ್ದು ತಿಳಿಯುತ್ತದೆ.

ಸಣ್ಣ ಊರಿನ ವಿಶೇಷ ತೊಡಕುಗಳು

ಮಹಾನಗರಗಳಿಗಾಗಿ ಬರೆದ ಪುಸ್ತಕಗಳಲ್ಲಿ ಸದಸ್ಯರು ಪರಸ್ಪರ ಅಪರಿಚಿತರಾಗಿರಬೇಕೆಂದು ಹೇಳಿರುತ್ತದೆ. ಗುಂಡ್ಲುಪೇಟೆ, ಬೇಗೂರು, ತೆರಕಣಾಂಬಿಯಂತಹ ಊರುಗಳಲ್ಲಿ ಇದು ಸುಲಭವಲ್ಲ. ಇಲ್ಲಿ ಗಮನಿಸಬೇಕಾದ ಅಂಶಗಳು ಬೇರೆಯೇ ಇವೆ.

ಮೊದಲನೆಯದು, ಹಿರಿತನದ ಭಾರ. ಗುಂಪಿನಲ್ಲಿ ಊರಿನ ಯಜಮಾನರೊಬ್ಬರಿದ್ದರೆ ಅವರ ಮಾತೇ ಎಲ್ಲರ ಮಾತಾಗುತ್ತದೆ. ಅತ್ತೆ ಕುಳಿತಿರುವಲ್ಲಿ ಸೊಸೆ, ‘ನಾನು ಗಿರಣಿಗೆ ಹೋಗುವುದನ್ನು ಬಿಟ್ಟು ಪೊಟ್ಟಣವನ್ನೇ ತರುತ್ತೇನೆ’ ಎಂದು ಹೇಳಲಾರಳು. ಆದುದರಿಂದ ವಯಸ್ಸು, ಸ್ಥಾನಮಾನಗಳಲ್ಲಿ ಸಮಾನರಾದವರನ್ನು ಒಂದು ಗುಂಪಿಗೆ ಆರಿಸಬೇಕು. ಬೇಕಾದರೆ ಅತ್ತೆಯರಿಗೊಂದು, ಸೊಸೆಯರಿಗೊಂದು ಗುಂಪು ಮಾಡಬೇಕು. ಚರ್ಚೆ ಆರಂಭವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಆಯ್ಕೆಯನ್ನು ಒಂದು ಚೀಟಿಯ ಮೇಲೆ ಗುರುತು ಮಾಡಿಟ್ಟುಕೊಳ್ಳುವಂತೆ ಹೇಳಿದರೆ, ಆಮೇಲೆ ಯಾರು ಯಾರ ಮಾತಿಗೆ ವಾಲಿದರೆಂಬುದು ತಿಳಿಯುತ್ತದೆ.

ಎರಡನೆಯದು, ಸಿದ್ಧ ಗುಂಪಿನ ಆಕರ್ಷಣೆ. ಮಹಿಳಾ ಸ್ವಸಹಾಯ ಸಂಘಗಳು ವಾರಕ್ಕೊಮ್ಮೆ ಸೇರುವುದರಿಂದ ಅಲ್ಲಿಯೇ ಚರ್ಚೆ ನಡೆಸೋಣವೆಂದು ತೋರುವುದು ಸಹಜ. ಖರ್ಚೂ ಕಡಿಮೆ. ಆದರೆ ಸಂಘದಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ ಎಂಬ ಶ್ರೇಣಿ ಮೊದಲೇ ಇರುತ್ತದೆ. ಸದಸ್ಯರ ನಡುವೆ ಸಾಲದ ಸಂಬಂಧವೂ ಇರುತ್ತದೆ. ಬೇರೆಬೇರೆ ಸಂಘಗಳಿಂದ ಒಬ್ಬೊಬ್ಬರನ್ನು ಆರಿಸಿಕೊಂಡರೆ ಈ ತೊಡಕು ತಪ್ಪುತ್ತದೆ.

ಮೂರನೆಯದು, ಉದ್ರಿಯ ಮೌನ. ಕಿರಾಣಿ ಅಂಗಡಿಯವರು ತಮಗೆ ಉದ್ರಿಯಲ್ಲಿ ಸರಕು ಕೊಡುವ ವಿತರಕರ ಎದುರು ಆ ಸರಕಿನ ದೋಷ ಹೇಳುವುದು ಕಷ್ಟ. ಖಾತೆ ಪುಸ್ತಕದಲ್ಲಿ ಬಾಕಿ ಇರುವವನ ನಾಲಿಗೆಗೂ ಕೊಂಚ ಬಾಕಿ ಇರುತ್ತದೆ. ಆದುದರಿಂದ ಮಾಲೀಕರಾಗಲಿ ಅವರ ಮಾರಾಟ ಪ್ರತಿನಿಧಿಯಾಗಲಿ ಚರ್ಚೆಯ ಕೋಣೆಯಲ್ಲಿ ಇರಕೂಡದು. ಮಾಲೀಕರು ತಮ್ಮ ಸರಕಿನ ಬಗ್ಗೆ ಕಟುವಾದ ಮಾತು ಕೇಳಿದೊಡನೆ ಸಮರ್ಥನೆಗಿಳಿಯುತ್ತಾರೆ. ಆ ಕ್ಷಣದಿಂದ ಚರ್ಚೆ ಮುಗಿದಂತೆಯೇ. ನಿರ್ವಾಹಕರಾಗಿ ವೃತ್ತಿಪರರು ದೊರೆಯದಿದ್ದರೆ, ಕಾಲೇಜಿನ ವಾಣಿಜ್ಯ ಅಥವಾ ಸಮಾಜಶಾಸ್ತ್ರ ಅಧ್ಯಾಪಕರು, ಅನುಭವಿ ಸಮಾಜ ಕಾರ್ಯಕರ್ತರು ತಕ್ಕಮಟ್ಟಿಗೆ ಈ ಹೊಣೆ ನಿರ್ವಹಿಸಬಲ್ಲರು.

ನಾಲ್ಕನೆಯದು, ಸಮಯ. ಕೇರಳ ಮತ್ತು ಊಟಿ ರಸ್ತೆಗಳಲ್ಲಿ ಬಂಡೀಪುರ ಅರಣ್ಯದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. 2010ರ ಮಾರ್ಚ್‌ನಲ್ಲಿ ರಾಜ್ಯ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಬತ್ತೇರಿಗೆ ಹೋಗಿ ಸಂಜೆಯ ಚರ್ಚೆ ನಡೆಸಿ ಮರಳುವ ತಂಡ ಈ ಗಡಿಯಾರವನ್ನು ಮರೆಯುವಂತಿಲ್ಲ. ಇದೇ ನಿರ್ಬಂಧವು ಹೋಟೆಲು, ವಸತಿಗೃಹದವರಿಗೆ ಚರ್ಚೆಯ ವಿಷಯವೂ ಆಗಬಲ್ಲದು. ಮದ್ದೂರು ಮತ್ತು ಮೇಲುಕಾಮನಹಳ್ಳಿ ತಪಾಸಣಾ ಠಾಣೆಗಳು ತೆರೆಯುವುದನ್ನು ಕಾಯುವ ಲಾರಿ ಚಾಲಕರು ಊಟ, ಸ್ನಾನ, ನಿದ್ರೆಗಾಗಿ ಏನನ್ನು ಬಯಸುತ್ತಾರೆ, ಯಾವುದಕ್ಕೆ ಹಣ ಕೊಡಲು ಸಿದ್ಧರಿದ್ದಾರೆ ಎಂಬುದನ್ನು ಎಂಟು ಮಂದಿ ಚಾಲಕರ ಒಂದು ಚರ್ಚೆ ಬಹುಮಟ್ಟಿಗೆ ತಿಳಿಸಬಲ್ಲದು.

ಅಂಕಿಗಳ ಭ್ರಮೆ

ಗುಂಪು ಚರ್ಚೆಯ ವರದಿಗಳಲ್ಲಿ ಸಾಮಾನ್ಯವಾಗಿ ನುಸುಳುವ ದೋಷವೆಂದರೆ ಶೇಕಡಾವಾರು ಲೆಕ್ಕ. ಎಂಟು ಜನರಲ್ಲಿ ಆರು ಮಂದಿ ಹಸಿರು ಪೊಟ್ಟಣ ಮೆಚ್ಚಿದರೆಂದು ‘ಶೇ. 75 ಗ್ರಾಹಕರ ಒಲವು’ ಎಂದು ಬರೆಯುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವಂಥದ್ದಲ್ಲ. ಆ ಎಂಟು ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿದ್ದರೂ, ಶೇ. 95ರ ವಿಶ್ವಾಸ ಮಟ್ಟದಲ್ಲಿ ಇಡೀ ಮಾರುಕಟ್ಟೆಯ ನಿಜವಾದ ಒಲವು ಶೇ. 35ರಿಂದ ಶೇ. 97ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟು ಅಗಲವಾದ ಅಂದಾಜಿನ ಮೇಲೆ ಸರಕಿನ ಖರೀದಿ ಆದೇಶ ಕೊಡಲಾಗದು. ಅದೇ 400 ಜನರ ಯಾದೃಚ್ಛಿಕ ಸಮೀಕ್ಷೆಯಲ್ಲಿ ವ್ಯತ್ಯಾಸದ ಮಿತಿ ಸುಮಾರು ಶೇ. 5ಕ್ಕೆ ಇಳಿಯುತ್ತದೆ. ಗುಂಪು ಚರ್ಚೆಯ ವರದಿಯಲ್ಲಿ ‘ಎಷ್ಟು ಜನ’ ಎಂಬುದಕ್ಕಿಂತ ‘ಯಾವ ಕಾರಣ, ಯಾವ ಪದಗಳಲ್ಲಿ’ ಎಂಬುದು ಇರಬೇಕು. ಗ್ರಾಹಕರು ಬಳಸಿದ ಪದಗಳೇ ಮುಂದೆ ಪೊಟ್ಟಣದ ಮೇಲಿನ ಬರಹವಾಗಬಲ್ಲವು.

ವೆಚ್ಚ ಮತ್ತು ಲೆಕ್ಕ

ಮೇಲಿನ ಕಲ್ಪಿತ ಉದಾಹರಣೆಗೆ ತಲಾ ಎಂಟು ಜನರ ನಾಲ್ಕು ಗುಂಪುಗಳ ವೆಚ್ಚವನ್ನು ಹೀಗೆ ಅಂದಾಜು ಮಾಡಬಹುದು:

ಸದಸ್ಯರ ಗೌರವಧನ (32 ಮಂದಿಗೆ ತಲಾ 300 ರೂ.) – 9,600 ರೂ.
ಸ್ಥಳ ಮತ್ತು ಉಪಾಹಾರ (ನಾಲ್ಕು ಸಲ, ತಲಾ 1,500 ರೂ.) – 6,000 ರೂ.
ನಿರ್ವಾಹಕರ ಶುಲ್ಕ (ನಾಲ್ಕು ಸಲ, ತಲಾ 5,000 ರೂ.) – 20,000 ರೂ.
ಮಾತುಕತೆಯ ಬರಹರೂಪ ಮತ್ತು ವರದಿ – 10,000 ರೂ.
ಪ್ರಯಾಣ – 6,400 ರೂ.
ಒಟ್ಟು – 52,000 ರೂ.

ಇದು 7,50,000 ರೂ. ಹೂಡಿಕೆಯ ಸುಮಾರು ಶೇ. 7. ಈ ವೆಚ್ಚ ಸಾರ್ಥಕವೇ ಎಂಬುದನ್ನು ಸರಳವಾಗಿ ಲೆಕ್ಕ ಹಾಕಬಹುದು. ತಪ್ಪು ವಿನ್ಯಾಸದಿಂದ ಸಿಲಿಂಡರ್ ಮತ್ತು ರೋಲುಗಳ 2,00,000 ರೂ. ಮಾತ್ರ ನಷ್ಟವಾಗಬಹುದೆಂದು ಇಟ್ಟುಕೊಂಡರೂ, ಅಂತಹ ನಷ್ಟವನ್ನು ಚರ್ಚೆಯು ತಪ್ಪಿಸುವ ಸಂಭವ ಶೇ. 26ಕ್ಕಿಂತ ಹೆಚ್ಚೆಂದು ಉದ್ಯಮಿಗೆ ಅನಿಸಿದರೆ 52,000 ರೂ. ಖರ್ಚು ಸಮರ್ಥನೀಯ. ಕಡಿಮೆಯೆಂದು ಅನಿಸಿದರೆ ಎರಡು ಗುಂಪುಗಳಿಗೆ ಸೀಮಿತಗೊಳಿಸಬಹುದು, ಅಥವಾ ಕೈಯಿಂದ ಅಂಟಿಸಿದ ಲೇಬಲ್ಲಿನ ಸಾದಾ ಪೊಟ್ಟಣಗಳನ್ನು ಹತ್ತು ಅಂಗಡಿಗಳಲ್ಲಿ ಇರಿಸಿ ಪರೀಕ್ಷಿಸಬಹುದು.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ನಡೆಯುತ್ತಿರುವ ವ್ಯವಹಾರದ ಮಾರಾಟ ವೃದ್ಧಿಗಾಗಿ ಮಾಡಿದ ಸಂಶೋಧನೆಯ ವೆಚ್ಚವು ಸಾಮಾನ್ಯವಾಗಿ ಆ ವರ್ಷದ ಕಂದಾಯ ವೆಚ್ಚವೆಂದು ಪರಿಗಣಿತವಾಗುತ್ತದೆ. ಆದರೆ ಉದ್ಯಮ ಆರಂಭಕ್ಕೆ ಮುನ್ನ ಮಾಡಿದ ಮಾರುಕಟ್ಟೆ ಸಮೀಕ್ಷೆಯ ವೆಚ್ಚವನ್ನು, 1961ರ ಆದಾಯ ತೆರಿಗೆ ಕಾಯಿದೆಯ 35ಡಿ ಕಲಮಿನ ಪ್ರಕಾರ, ನಿಗದಿತ ಮಿತಿಗೊಳಪಟ್ಟು ಐದು ವರ್ಷಗಳ ಸಮ ಕಂತುಗಳಲ್ಲಿ ಕಳೆಯಬೇಕಾಗಿತ್ತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯ ಜಾರಿಗೆ 2026ರ ಏಪ್ರಿಲ್ 1 ನಿಗದಿಯಾದುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಒಳ್ಳೆಯದು. ಸಂಶೋಧನಾ ಸಂಸ್ಥೆಯು ಬಿಲ್ಲಿನಲ್ಲಿ ವಿಧಿಸುವ ಸರಕು ಮತ್ತು ಸೇವಾ ತೆರಿಗೆಯನ್ನು ನಿಯಮಿತ ನೋಂದಣಿಯುಳ್ಳವರು ಹೂಡುವಳಿ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಗೌರವಧನ ಕೊಟ್ಟದ್ದಕ್ಕೆ ಪ್ರತಿ ಸದಸ್ಯರ ಸಹಿಯುಳ್ಳ ವೋಚರ್ ಇಡಬೇಕು. ಆದರೆ ಆ ವೋಚರನ್ನೂ ಚರ್ಚೆಯ ಧ್ವನಿ ಮುದ್ರಣವನ್ನೂ ಬೇರೆಬೇರೆ ಕಡತದಲ್ಲಿಡುವುದು ಲೇಸು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ವೈಯಕ್ತಿಕ ಮಾಹಿತಿಯನ್ನು ಬಳಸಬಾರದೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳು.

ಯಾವಾಗ ಬೇಡ?

ಎಲ್ಲ ವ್ಯಾಪಾರಕ್ಕೂ ಈ ವಿಧಾನ ಒಗ್ಗುವುದಿಲ್ಲ. ಚಾಮರಾಜನಗರದ ಕರಿಕಲ್ಲಿನ ಉದ್ಯಮಿಗಳಂತೆ ಖರೀದಿದಾರರು ಬೆರಳೆಣಿಕೆಯಷ್ಟೇ ಇರುವಲ್ಲಿ ಅವರನ್ನು ಒಟ್ಟಿಗೆ ಕೂರಿಸುವುದು ಅವಿವೇಕ. ಒಬ್ಬೊಬ್ಬರನ್ನೇ ಭೇಟಿ ಮಾಡಿ ಕೇಳಬೇಕು. ಹರಾಜಿನಲ್ಲಿ ದರ ನಿಗದಿಯಾಗುವ ತರಕಾರಿ, ಸಣ್ಣ ಈರುಳ್ಳಿಯ ಮಂಡಿ ವ್ಯಾಪಾರದಲ್ಲಿ ಇದರಿಂದ ಪ್ರಯೋಜನ ಕಡಿಮೆ. ಬೆಲೆ ಎಷ್ಟಿಡಬೇಕೆಂಬ ಪ್ರಶ್ನೆಗೂ ಗುಂಪಿನ ಉತ್ತರ ನಂಬಲರ್ಹವಲ್ಲ. ನಾಲ್ಕು ಜನರ ಎದುರು ಕೆಲವರು ಜಿಪುಣರಾಗಿ, ಕೆಲವರು ಉದಾರಿಗಳಾಗಿ ತೋರಿಸಿಕೊಳ್ಳಲು ಬಯಸುತ್ತಾರೆ. ಸಾಲ, ಕಾಯಿಲೆ, ಕೌಟುಂಬಿಕ ಆದಾಯದಂತಹ ವಿಷಯಗಳನ್ನು ಗುಂಪಿನಲ್ಲಿ ಕೇಳುವುದು ಸಭ್ಯತೆಯೂ ಅಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಿರ್ಧಾರ ಈಗಾಗಲೇ ಆಗಿಹೋಗಿದ್ದರೆ ಚರ್ಚೆ ನಡೆಸುವುದು ವ್ಯರ್ಥ. ಸಿಲಿಂಡರ್‌ಗೆ ಮುಂಗಡ ಕೊಟ್ಟ ಮೇಲೆ ಗ್ರಾಹಕರ ಅಭಿಪ್ರಾಯ ಕೇಳುವವರು ಅಭಿಪ್ರಾಯವನ್ನಲ್ಲ, ಸಮಾಧಾನವನ್ನು ಹುಡುಕುತ್ತಿರುತ್ತಾರೆ. ಪ್ರತಿಕೂಲ ಮಾತು ಬಂದರೆ ಯೋಜನೆ ಬದಲಿಸುವ ಅವಕಾಶವೂ ಮನಸ್ಸೂ ಇರುವಾಗ ಮಾತ್ರ ಈ ವೆಚ್ಚಕ್ಕೆ ಅರ್ಥವಿದೆ.

ಒಟ್ಟುಗೂಡಿ ಮಾಡಬಹುದಾದ ಕೆಲಸ

ಒಬ್ಬ ಸಣ್ಣ ತಯಾರಕರಿಗೆ 52,000 ರೂ. ದೊಡ್ಡ ಮೊತ್ತವೇ ಸರಿ. ಆದರೆ ಸಾಂಬಾರ ಪದಾರ್ಥ, ಬಾಳೆಕಾಯಿ ಚಿಪ್ಸ್, ಉಪ್ಪಿನಕಾಯಿ, ಹಪ್ಪಳದಂತಹ ಸರಕು ತಯಾರಿಸುವ ಐವರು ಒಟ್ಟುಗೂಡಿ ಒಂದೇ ಗ್ರಾಹಕ ವರ್ಗದ ಅಡುಗೆಮನೆಯ ರೂಢಿಗಳ ಬಗ್ಗೆ ಚರ್ಚೆ ಏರ್ಪಡಿಸಿದರೆ ತಲಾ ಬೀಳುವ ಖರ್ಚು 10,400 ರೂ. ಮಾತ್ರ. ಸರಕು ಬೇರೆಯಾದುದರಿಂದ ಪರಸ್ಪರ ಪೈಪೋಟಿಯ ಭಯವೂ ಇಲ್ಲ. ವಾಣಿಜ್ಯ ಸಂಸ್ಥೆಗಳು ತಮ್ಮ ಸಭಾಂಗಣವನ್ನು ಒದಗಿಸಿ, ಸ್ಥಳೀಯ ಕಾಲೇಜುಗಳ ವಾಣಿಜ್ಯ ವಿಭಾಗದ ನೆರವು ಪಡೆದು, ಒಂದಿಬ್ಬರು ನಿರ್ವಾಹಕರಿಗೆ ತರಬೇತಿ ಕೊಡಿಸಿದರೆ ಈ ವೆಚ್ಚ ಇನ್ನೂ ಇಳಿಯುತ್ತದೆ. 2025ರ ಜನವರಿಯಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ನಿಜಾಮಾಬಾದಿನಲ್ಲಿ ಆರಂಭವಾಗಿದೆ. ಅರಿಶಿನದ ವ್ಯಾಪಾರದಲ್ಲಿ ಪೈಪೋಟಿ ಇನ್ನಷ್ಟು ಬಿರುಸಾಗುವ ಲಕ್ಷಣಗಳಿವೆ. ಬೆಳೆದವರ ಜಿಲ್ಲೆಯಲ್ಲಿಯೇ ಪುಡಿ, ಪೊಟ್ಟಣ, ಹೆಸರು ಮೂರೂ ಆಗಬೇಕಾದರೆ ಯಂತ್ರದಷ್ಟೇ ಮಾಹಿತಿಯೂ ಅವಶ್ಯಕ.

ಹಿಂದಿನ ಕಾಲದ ವರ್ತಕರು ಗಲ್ಲಾಪೆಟ್ಟಿಗೆಯ ಬಳಿ ಕುಳಿತು, ಕೊಳ್ಳಲು ಬಂದವರ ಯೋಗಕ್ಷೇಮ ವಿಚಾರಿಸುತ್ತಲೇ ಅವರ ಬೇಕುಬೇಡಗಳನ್ನು ಅರಿಯುತ್ತಿದ್ದರು. ಅಂದು ಕೊಳ್ಳುವವರು ಎದುರಿಗೇ ಇದ್ದರು. ಇಂದು ಗುಂಡ್ಲುಪೇಟೆಯ ಪೊಟ್ಟಣವನ್ನು ತೆರೆಯುವವರು ಮೈಸೂರಿನಲ್ಲಿಯೋ ಬತ್ತೇರಿಯಲ್ಲಿಯೋ ಇದ್ದಾರೆ. ಅವರನ್ನು ಎದುರಿಗೆ ಕೂರಿಸಿಕೊಂಡು, ತಾವು ಸುಮ್ಮನಿದ್ದು, ಒಂದೂವರೆ ಗಂಟೆ ಕೇಳುವುದಕ್ಕೆ ತಯಾರಾದ ಉದ್ಯಮಿಗೆ ಸಿಲಿಂಡರ್ ಕೆತ್ತಿಸುವ ಮೊದಲೇ ತಪ್ಪು ತಿದ್ದಿಕೊಳ್ಳುವ ಅವಕಾಶ ದೊರೆಯುತ್ತದೆ.